ಪರಮಾಣು ಇದೆ ಅಂತ ಹೇಗೆ ಗೊತ್ತು? ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ನಮಸ್ಕಾರ. ಒಂಬತ್ತನೇ ತರಗತಿಯಲ್ಲಿ ಈಗ ಅಣು, ಪರಮಾಣುಗಳ ಪಾಠ ನಡೆಯುತ್ತಿದೆ. ಪರಮಾಣು ಎಂದರೆ ವಸ್ತುವಿನ ಅತಿ ಪುಟ್ಟ ತುಣುಕು; ಪರಮಾಣುಗಳು ಕೂಡಿ ಆದದ್ದು ಅಣು. ಬೇರೆ ಪಾಠಗಳಿಗಿಂತ ಇದಕ್ಕೆ ಜಾಸ್ತಿ ಸಮಯ ಕೊಡುತ್ತಿದ್ದೇವೆ. ವ್ಯಾಖ್ಯೆ ಬರೆಸಿ, ಸೂತ್ರ ಬಾಯಿಪಾಠ ಮಾಡಿಸಿ ಮುಂದಕ್ಕೆ ಹೋಗಬಾರದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಹೋಗಬಹುದಿತ್ತು. ಆದರೆ ಮಕ್ಕಳು ಕೇಳುವ ಪ್ರಶ್ನೆಯೇ ಬೇರೆ: "ಕಣ್ಣಿಗೆ ಕಾಣದ್ದು ಇದೆ ಅಂತ ಹೇಗೆ ಗೊತ್ತಾಯ್ತು?" ಇದಕ್ಕೆ "ಪುಸ್ತಕದಲ್ಲಿದೆ, ಸುಮ್ನೆ ಬರ್ಕೋ" ಎನ್ನಲು ನನಗೆ ಮನಸ್ಸಿಲ್ಲ.

ದೊಡ್ಡ ದೊಡ್ಡ ವಿಜ್ಞಾನಿಗಳೇ ಈ ಪ್ರಶ್ನೆ ಹಿಡಿದು ನೂರು ವರ್ಷ ಜಗಳ ಆಡಿದ್ದಾರೆ. 1800ರ ದಶಕದ ಆರಂಭದಲ್ಲಿ ಜಾನ್ ಡಾಲ್ಟನ್ ತೂಕದ ಲೆಕ್ಕದಿಂದ ಹೊರಟರು. 12 ಗ್ರಾಂ ಇಂಗಾಲ 16 ಗ್ರಾಂ ಆಮ್ಲಜನಕದ ಜೊತೆ ಸೇರಿದರೆ ಒಂದು ಅನಿಲ, 32 ಗ್ರಾಂ ಜೊತೆ ಸೇರಿದರೆ ಇನ್ನೊಂದು. ಸರಿಯಾಗಿ ಎರಡು ಪಟ್ಟು. ವಸ್ತು ಬಿಡಿಬಿಡಿ ತುಣುಕುಗಳಿಂದ ಆಗಿದ್ದರೆ ಹೀಗೆಯೇ ಆಗಬೇಕು ಅಲ್ವಾ? ಆದರೂ ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರಂಥ ದೊಡ್ಡ ರಸಾಯನವಿಜ್ಞಾನಿ ಒಪ್ಪಲಿಲ್ಲ. ಲೆಕ್ಕಕ್ಕೆ ಅನುಕೂಲ ಇರಬಹುದು, ಪರಮಾಣು ನಿಜವಾಗಿ ಇದೆ ಎನ್ನಲು ಅಷ್ಟು ಸಾಲದು ಎಂಬುದು ಅವರ ವಾದ. ಆ ಹಟ ನ್ಯಾಯವಾಗಿಯೇ ಇತ್ತು ಎಂದು ನನಗೆ ಅನ್ನಿಸುತ್ತದೆ.

ಅದನ್ನು ಮುರಿದದ್ದು ನೀರಿನಲ್ಲಿ ಕುಣಿಯುವ ಪುಡಿ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಪುಟ್ಟ ಕಣಗಳನ್ನು ನೀರಿನಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಣಗಳು ಒಂದೇ ಸಮನೆ ಅತ್ತಿತ್ತ ಓಲಾಡುತ್ತಿದ್ದವು. ಜೀವ ಇರುವುದರಿಂದ ಹೀಗಾ ಎಂದು ಅನುಮಾನ ಬಂತು. ಕಲ್ಲು ಕುಟ್ಟಿ ಪುಡಿ ಮಾಡಿ ಹಾಕಿದರು. ಈಜಿಪ್ಟಿನ ಸ್ಫಿಂಕ್ಸ್ ಎಂಬ ಪುರಾತನ ಕಲ್ಲಿನ ವಿಗ್ರಹದ ಒಂದು ಚೂರನ್ನೂ ಬಿಡಲಿಲ್ಲ. ಅದೂ ಕುಣಿಯಿತು! ಅಂದರೆ ಕುಣಿತಕ್ಕೂ ಜೀವಕ್ಕೂ ಸಂಬಂಧವಿಲ್ಲ. ಹಾಗಾದರೆ ಅಲ್ಲಾಡಿಸುವವರು ಯಾರು?

1905ರಲ್ಲಿ ಐನ್‌ಸ್ಟೈನ್ ಇದಕ್ಕೆ ಲೆಕ್ಕ ಕೊಟ್ಟರು. ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಿವೆ. ಹಾಗಿದ್ದರೆ ನಾಲ್ಕು ಪಟ್ಟು ಸಮಯ ಕೊಟ್ಟಾಗ ಕಣ ಸರಾಸರಿ ಎರಡು ಪಟ್ಟು ದೂರ ಮಾತ್ರ ಹೋಗಬೇಕು ಎಂದರು. ಇದು ಅಳೆದು ನೋಡಬಹುದಾದ ಮಾತು. ತಪ್ಪಿದ್ದರೆ ತಪ್ಪು ಎಂದು ಗೊತ್ತಾಗುವ ಮಾತು. ಫ್ರಾನ್ಸ್‌ನ ಜಾನ್ ಪೆರಿನ್ ಮರದ ಅಂಟಿನ ಒಂದೇ ಗಾತ್ರದ ಕಣಗಳನ್ನು ತಯಾರಿಸಿಕೊಂಡು, ಒಂದೊಂದು ಕಣ ಎಲ್ಲಿದೆ ಎಂದು ಪ್ರತಿ 30 ಸೆಕೆಂಡಿಗೆ ಗುರುತು ಹಾಕಿದರು. ಲೆಕ್ಕ ಕೂಡಿಬಂತು. 18 ಗ್ರಾಂ ನೀರಿನಲ್ಲಿ ಎಷ್ಟು ಅಣುಗಳಿವೆ ಎಂಬುದೂ ಅದರಿಂದ ಸಿಕ್ಕಿತು: ಸುಮಾರು 6ರ ಮುಂದೆ 23 ಸೊನ್ನೆ. ಆಕಾಶದ ನೀಲಿ ಬಣ್ಣದಿಂದ ಲೆಕ್ಕ ಹಾಕಿದರೂ, ವಿಕಿರಣದಿಂದ ಹಾಕಿದರೂ ಹೆಚ್ಚುಕಡಿಮೆ ಅದೇ ಸಂಖ್ಯೆ. ಒಂದಕ್ಕೊಂದು ಸಂಬಂಧವೇ ಇಲ್ಲದ ದಾರಿಗಳು ಒಂದೇ ಕಡೆ ಬಂದು ಸೇರಿದಾಗ, 1909ರಲ್ಲಿ ಓಸ್ಟ್‌ವಾಲ್ಡ್ ತಮ್ಮ ನಿಲುವು ಬದಲಿಸಿ ಒಪ್ಪಿಕೊಂಡರು. ಪೆರಿನ್‌ಗೆ 1926ರಲ್ಲಿ ನೊಬೆಲ್ ಬಂತು. ಈ ಪಾಠದಲ್ಲಿ ಮಕ್ಕಳ ತಲೆಯಲ್ಲಿ ಒಂದೇ ಒಂದು ವಿಷಯ ಉಳಿಯುವುದಾದರೆ ಇದೇ ಉಳಿಯಲಿ ಎಂದು ನನ್ನ ಆಸೆ.

ಈಗಿನ ಉಪಕರಣಗಳ ಮಾತು ಸುಲಭ. 1981ರಲ್ಲಿ ಬಂದ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕ ಪರಮಾಣುಗಳ ಸಾಲನ್ನೇ ಚಿತ್ರವಾಗಿ ತೋರಿಸುತ್ತದೆ. ಆ ಚಿತ್ರಗಳನ್ನೂ ತರಗತಿಯಲ್ಲಿ ತೋರಿಸುತ್ತೇವೆ, ಆದರೆ ಕೊನೆಗೆ. ಅದಕ್ಕೂ ಮುಂಚೆ ಮಕ್ಕಳು ತಮ್ಮ ಕೈಯಾರೆ ಒಂದು ಅಣುವಿನ ಅಳತೆ ತೆಗೆಯಬೇಕು.

ಅದು ಹೀಗೆ. ಒಲೀಕ್ ಆಮ್ಲ ಎಣ್ಣೆಯಂಥ ದ್ರವ. ಅದರ ಒಂದು ಪಾಲನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ 500 ಪಾಲು ದ್ರಾವಣ ಮಾಡುತ್ತೇವೆ. ತಟ್ಟೆಯಲ್ಲಿ ನೀರು ಹಾಕಿ, ಮೇಲೆ ನುಣ್ಣನೆಯ ಪುಡಿ ಉದುರಿಸಿ, ಮಧ್ಯೆ ಒಂದು ಹನಿ ದ್ರಾವಣ ಬಿಡುತ್ತೇವೆ. ಆಮ್ಲ ನೀರಿನ ಮೇಲೆ ತೆಳು ಪದರವಾಗಿ ಹರಡುತ್ತಿದ್ದಂತೆ ಪುಡಿ ಸರ್ರನೆ ಪಕ್ಕಕ್ಕೆ ಸರಿದು ದುಂಡನೆಯ ಜಾಗ ತೆರೆದುಕೊಳ್ಳುತ್ತದೆ. ಹನಿ 0.05 ಮಿಲಿಲೀಟರ್ ಇದ್ದರೆ ಅದರಲ್ಲಿ ನಿಜವಾದ ಒಲೀಕ್ ಆಮ್ಲ 0.0001 ಮಿಲಿಲೀಟರ್. ವೃತ್ತ 25 ಸೆಂಟಿಮೀಟರ್ ಅಗಲ ಬಂತು ಎಂದುಕೊಳ್ಳಿ. ಆಮ್ಲದ ಗಾತ್ರವನ್ನು ವೃತ್ತದ ವಿಸ್ತೀರ್ಣದಿಂದ ಭಾಗಿಸಿದರೆ ಪದರದ ದಪ್ಪ ಸಿಗುತ್ತದೆ: ಒಂದು ಮಿಲಿಮೀಟರ್‌ನ ಸುಮಾರು 5 ಲಕ್ಷದಲ್ಲಿ ಒಂದು ಭಾಗ. ಪದರ ಒಂದೇ ಅಣುವಿನಷ್ಟು ದಪ್ಪ ಎಂದು ಇಟ್ಟುಕೊಂಡರೆ, ಅದೇ ಅಣುವಿನ ಉದ್ದ. ಸ್ಕೇಲು, ಹನಿ ಕೊಳವೆ, ಭಾಗಾಕಾರ, ಇಷ್ಟೇ ಸಾಮಾನು!

"ಒಂದೇ ಅಣುವಿನಷ್ಟು ದಪ್ಪ ಅಂತ ಯಾರು ಹೇಳಿದ್ದು?" ಎಂದು ಯಾವುದಾದರೂ ಮಗು ತಿರುಗಿ ಕೇಳಿದರೆ ನನಗೆ ತುಂಬ ಖುಷಿ. ಅದನ್ನೂ ತರಗತಿಯಲ್ಲಿ ಚರ್ಚೆ ಮಾಡುತ್ತೇವೆ.

ಈಗ ನಿಮ್ಮಿಂದ ಆಗಬೇಕಾದದ್ದು. ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಈ ಪ್ರಯೋಗವನ್ನು ಮಕ್ಕಳು ಮನೆಯಲ್ಲಿ ಮಾಡದಂತೆ ನೋಡಿಕೊಳ್ಳಿ. ಶಾಲೆಯ ಪ್ರಯೋಗಾಲಯದಲ್ಲಿ ಶಿಕ್ಷಕರ ಎದುರಿಗೇ ಮಾಡಿಸುತ್ತೇವೆ. ಅವರು ಲೆಕ್ಕ ಬರೆದ ಪುಸ್ತಕವನ್ನು ಮನೆಗೆ ತರುತ್ತಾರೆ. ಹತ್ತು ನಿಮಿಷ ಬಿಡುವು ಮಾಡಿಕೊಂಡು ಅವರಿಂದ ವಿವರಣೆ ಹೇಳಿಸಿ. ನಿಮಗೆ ವಿಜ್ಞಾನ ಗೊತ್ತಿರಬೇಕು ಎಂದೇನಿಲ್ಲ. ಅರ್ಥವಾಗದ ಕಡೆ "ಅದು ಹೇಗೆ?" ಎಂದು ಕೇಳಿ. ಉತ್ತರ ಎಲ್ಲಿ ತಡವರಿಸಿತೋ ಅಲ್ಲಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು ಪುಸ್ತಕ ವಾಪಸ್ ಕಳಿಸಿ. ಮುಂದಿನ ತರಗತಿ ಆ ಗೆರೆಗಳಿಂದಲೇ ಶುರುವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು