ಕಾಫಿ ಕೊಳ್ಳುವವರ ಭಾಷೆಯನ್ನೂ ಕಲಿಯೋಣ

ಮಾನ್ಯ ಸಂಪಾದಕರಿಗೆ,

ವಿದೇಶಿ ಭಾಷೆ ಕಲಿತವರಿಗೆ ಸಿಗುವ ಉದ್ಯೋಗಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಜರ್ಮನ್, ಫ್ರೆಂಚ್, ಜಪಾನಿ ಭಾಷೆಗಳ ಹೆಸರು ಅವುಗಳಲ್ಲಿ ಇದ್ದೇ ಇರುತ್ತದೆ. ಇಟಾಲಿಯನ್ ಪ್ರಸ್ತಾಪ ಬಂದರೂ ಅದು ಸಂಗೀತ, ಚಿತ್ರಕಲೆ, ಅಡುಗೆ ಎಂಬಷ್ಟರಲ್ಲೇ ಮುಗಿದುಹೋಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ಕ್ಯೂರಿಂಗ್ ವರ್ಕ್ಸ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸುವ ಕಾರ್ಖಾನೆ) ಒಂದರಲ್ಲಿ ಇಪ್ಪತ್ತೆರಡು ವರ್ಷ ರಫ್ತಿನ ಕಾಗದಪತ್ರ ನೋಡಿಕೊಂಡವನು ನಾನು. ಇಟಾಲಿಯನ್ನನ್ನು ವ್ಯಾಪಾರದ ಭಾಷೆಯೆಂದು ಕಲಿಯುವ ಅಗತ್ಯ ಬೇರೆಲ್ಲರಿಗಿಂತ ಮಲೆನಾಡು, ಕೊಡಗುಗಳ ನಮಗೇ ಹೆಚ್ಚು ಎಂದು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ನಮ್ಮ ರಫ್ತಿನ ಸುಮಾರು ಐದನೇ ಒಂದು ಪಾಲು ಅಲ್ಲಿಗೇ ಹೋಗುತ್ತದೆ. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದು. ಎಸ್‌ಪ್ರೆಸೊ ಬಟ್ಟಲಿನ ಮೇಲೆ ನಿಲ್ಲುವ ಹೊಂಬಣ್ಣದ ನೊರೆ, ಅವರು ‘ಕ್ರೆಮಾ’ ಎನ್ನುವುದು, ದಟ್ಟವಾಗಿ ಬರಬೇಕಾದರೆ ಬ್ಲೆಂಡ್‌ನಲ್ಲಿ (ಬೀಜಗಳ ಮಿಶ್ರಣದಲ್ಲಿ) ರೋಬಸ್ಟಾ ಎಂಬ ಕಾಫಿ ಜಾತಿಯ ಒಳ್ಳೆಯ ಬೀಜ ಇರಬೇಕು. ನೆರಳಿನ ಮರಗಳ ಕೆಳಗೆ ಬೆಳೆದ ನಮ್ಮ ರೋಬಸ್ಟಾಕ್ಕೆ ಅಲ್ಲಿ ಬೇಡಿಕೆ ಇರುವುದು ಅದಕ್ಕಾಗಿಯೇ. ಮಂಗಳೂರಿನಲ್ಲೋ ಕೊಚ್ಚಿಯಲ್ಲೋ ಹಡಗೇರಿದ ಮಾಲು ತ್ರಿಯೆಸ್ತೆ, ಜೆನೋವಾ ಬಂದರುಗಳಲ್ಲಿ ಇಳಿಯುತ್ತದೆ. ಇಷ್ಟೊಂದು ವರ್ಷಗಳ ವ್ಯವಹಾರವಿದ್ದೂ ಅವರ ಭಾಷೆಯಲ್ಲಿ ನಾಲ್ಕು ಸಾಲು ಓದಬಲ್ಲವರು ನಮ್ಮ ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ.

ಅದರ ಬೆಲೆಯನ್ನು ನಾವು ಒಮ್ಮೆ ತೆತ್ತೆವು. ಹತ್ತು ಹನ್ನೆರಡು ವರ್ಷಗಳ ಹಿಂದಿನ ಮಾತು. ಒಂದು ಕಂಟೇನರ್ ರೋಬಸ್ಟಾ ಅಲ್ಲಿಗೆ ತಲುಪಿದ ಮೇಲೆ ಕೊಂಡವರಿಂದ ಇಂಗ್ಲಿಷಿನಲ್ಲಿ ಎರಡು ಸಾಲಿನ ಮೇಲ್ ಬಂತು: ಮಾಲನ್ನು ಪರಿಶೀಲಿಸುತ್ತಿದ್ದೇವೆ, ತೇವಾಂಶದ ವಿವರ ಕಳಿಸಿ. ನಾವು ಪರೀಕ್ಷಾ ವರದಿಯ ಪ್ರತಿ ಕಳಿಸಿ ಸುಮ್ಮನಾದೆವು. ಆ ಎರಡು ಸಾಲಿನ ಕೆಳಗೆ ಅವರ ಗೋದಾಮಿನವರೂ ಗುಣಮಟ್ಟ ನೋಡುವವರೂ ತಮ್ಮತಮ್ಮಲ್ಲೇ ಇಟಾಲಿಯನ್ನಿನಲ್ಲಿ ಬರೆದುಕೊಂಡಿದ್ದ ನಾಲ್ಕೈದು ಮೇಲ್‌ಗಳು ಹಾಗೆಯೇ ಅಂಟಿಕೊಂಡು ಬಂದಿದ್ದವು. ಬಾಗಿಲ ಕಡೆಯ ಚೀಲಗಳು ಒದ್ದೆಯಾಗಿವೆ, ಅವುಗಳಲ್ಲಿ ‘ಒದೋರೆ ದಿ ಮುಫ್ಫಾ’, ಅಂದರೆ ಬೂಷ್ಟಿನ ವಾಸನೆ, ಇದೆ. ಒಳಗಿನ ಚೀಲಗಳಿಗೆ ಏನೂ ಆಗಿಲ್ಲ ಎಂದು ಅವುಗಳಲ್ಲಿ ಬಿಡಿಸಿ ಬರೆದಿತ್ತು. ಓದಿಕೊಂಡಿದ್ದರೆ ನೀರು ಬಂದದ್ದು ಕಂಟೇನರಿನ ಬಾಗಿಲಿನಿಂದ, ನಮ್ಮ ಒಣಗಿಸುವಿಕೆಯಲ್ಲಿ ಲೋಪವಿಲ್ಲ ಎಂದು ಹಡಗು ಕಂಪನಿಗೂ ವಿಮೆಯವರಿಗೂ ಅದೇ ದಿನ ಬರೆಯಬಹುದಿತ್ತು. ನಮಗೆ ವಿಷಯ ತಿಳಿಯುವಷ್ಟರಲ್ಲಿ ದೂರು ಕೊಡುವ ಅವಧಿ ಮುಗಿದು, ಬಿಲ್ಲಿನಲ್ಲಿ ಕಡಿತ ಒಪ್ಪಿಕೊಳ್ಳಬೇಕಾಯಿತು. ಅದಾದ ಮೇಲೆಯೇ, ನಲವತ್ತೈದರ ವಯಸ್ಸಿನಲ್ಲಿ, ನಾನು ಇಟಾಲಿಯನ್ ಪುಸ್ತಕ ಹಿಡಿದು ಕೂತದ್ದು.

ಈಗ ಮೊಬೈಲೇ ಅನುವಾದ ಮಾಡಿಕೊಡುತ್ತದಲ್ಲ ಎಂದು ಕೇಳುವವರಿದ್ದಾರೆ. ಮಾಡಿಕೊಡುತ್ತದೆ, ನಾನೂ ಬಳಸುತ್ತೇನೆ. ಆದರೆ ಇಟಾಲಿಯನ್ನಿನಲ್ಲಿ ‘ಕಂಪ್ಯೋನೆ’ ಎಂಬ ಒಂದೇ ಪದಕ್ಕೆ ಸ್ಯಾಂಪಲ್ ಎಂಬ ಅರ್ಥವೂ ಇದೆ, ಚಾಂಪಿಯನ್ ಎಂಬ ಅರ್ಥವೂ ಇದೆ. ‘ನಿಮ್ಮ ಚಾಂಪಿಯನ್ ಇನ್ನೂ ತಲುಪಿಲ್ಲ’ ಎಂಬ ಅನುವಾದ ಓದಿ ನಮ್ಮ ಹುಡುಗರು ಅರ್ಧ ದಿನ ತಲೆ ಕೆರೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಅದಕ್ಕಿಂತ ಮುಖ್ಯವಾದುದು ಇಟಲಿಯ ವ್ಯಾಪಾರದ ಸ್ವರೂಪ. ಹೆಸರಾಂತ ದೊಡ್ಡ ಕಂಪನಿಗಳು ಇದ್ದರೂ ಅಲ್ಲಿನ ಉದ್ಯಮಗಳಲ್ಲಿ ಬಹುಪಾಲು ಸಣ್ಣವು, ಮನೆತನದವು. ರಫ್ತು–ಆಮದಿನ ಮೇಜಿನಲ್ಲಿ ಕೂತವರು ಇಂಗ್ಲಿಷ್ ಬರೆದಾರು. ಕಾಫಿ ಹುರಿಯುವ ಹಿರಿಯರು, ಗೋದಾಮಿನ ಮೇಲ್ವಿಚಾರಕರು, ಯಂತ್ರ ಜೋಡಿಸಲು ಬರುವ ಮೆಕ್ಯಾನಿಕ್‌ಗಳು ಮಾತಾಡುವುದು ತಮ್ಮ ಭಾಷೆಯನ್ನೇ. ಫೋನಿನಲ್ಲಿ ‘ಬುವೊಂಜೋರ್ನೊ’ (ನಮಸ್ಕಾರ) ಎಂದು ಶುರುಮಾಡಿ ಎರಡು ಮಾತು ತಡವರಿಸಿಯಾದರೂ ಅವರ ಭಾಷೆಯಲ್ಲಿ ಆಡಿದರೆ ಆಚೆ ಕಡೆಯ ದನಿ ಬದಲಾಗುವುದನ್ನು ಕೇಳಿಯೇ ತಿಳಿಯಬೇಕು.

ಕನ್ನಡದವರಿಗೆ ಈ ಭಾಷೆ ಕಷ್ಟವೆಂಬ ಹೆದರಿಕೆಗೆ ಹೆಚ್ಚಿನ ಆಧಾರವಿಲ್ಲ; ಇಂಗ್ಲಿಷಿನ ಮೂಲಕ ಕಲಿಯಲು ಹೋಗುವುದರಿಂದ ಅದು ಕಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಅನುಭವ. ಇಟಾಲಿಯನ್ ಪದಗಳು ನಮ್ಮವುಗಳಂತೆ ಬಹುತೇಕ ಸ್ವರದಲ್ಲೇ ಮುಗಿಯುತ್ತವೆ. ಬಸ್ಸು, ಕಾರು ಎಂದು ಎಲ್ಲದಕ್ಕೂ ಬಾಲ ಹಚ್ಚುವ ನಮ್ಮ ನಾಲಿಗೆಗೆ ಅದು ಹೊಸದಲ್ಲ. ‘ಸೇತೆ’ ಎಂದರೆ ಬಾಯಾರಿಕೆ, ‘ಸೆತ್ತೆ’ ಎಂದರೆ ಏಳು. ಈ ಒತ್ತಕ್ಷರದ ವ್ಯತ್ಯಾಸ ಇಂಗ್ಲಿಷರ ಕಿವಿಗೆ ಬೇಗ ಬೀಳುವುದಿಲ್ಲ. ಹಳಿ–ಹಳ್ಳಿ, ಬಳಿ–ಬಳ್ಳಿ ಎಂದು ಆಡಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಅವರ ತ, ದ ಎರಡೂ ನಮ್ಮ ತ, ದಗಳೇ. ‘ಪಾರ್ಲೊ’ ಎಂದರೆ ಮಾತಾಡುತ್ತೇನೆ, ‘ಪಾರ್ಲಿ’ ಎಂದರೆ ಮಾತಾಡುತ್ತೀಯ. ನಾನು, ನೀನು ಎಂದು ಬೇರೆ ಹೇಳುವ ಅಗತ್ಯವಿಲ್ಲ, ಕ್ರಿಯಾಪದದ ಕೊನೆಯೇ ಹೇಳುತ್ತದೆ. ನೀನು–ನೀವು ಭೇದ ಅವರಲ್ಲೂ ಇದೆ. ಗೌರವಕ್ಕೆ ಅವರು ಬಳಸುವ ‘ಲೇಯಿ’ ಮೂಲತಃ ‘ಅವಳು’ ಎಂಬ ಅರ್ಥದ ಪ್ರಥಮ ಪುರುಷದ ಸರ್ವನಾಮ. ಎದುರಿಗಿರುವವರನ್ನು ‘ತಾವು’ ಎನ್ನುವ ನಮಗೆ ಅದು ಕೂಡ ವಿಚಿತ್ರವೆನಿಸುವುದಿಲ್ಲ.

ಕಷ್ಟವಿರುವುದು ಲಿಂಗದಲ್ಲಿ. ನಮಗೆ ಕಾಫಿಯೂ ಬಟ್ಟಲೂ ನಪುಂಸಕ. ಅವರಿಗೆ ಕಾಫಿ ಗಂಡು, ಬಟ್ಟಲು ಹೆಣ್ಣು, ಮತ್ತು ವಿಶೇಷಣವೂ ಅದರಂತೆ ರೂಪ ಬದಲಿಸಬೇಕು. ಅದಕ್ಕೆ ಬಾಯಿಪಾಠವೊಂದೇ ದಾರಿ. ನಾನು ಇಂದಿಗೂ ತಪ್ಪುತ್ತೇನೆ, ಅವರು ಇಂದಿಗೂ ತಿದ್ದುತ್ತಾರೆ, ವ್ಯಾಪಾರ ನಿಂತಿಲ್ಲ.

ಕಾಫಿಯ ಆಚೆಗೂ ಅವಕಾಶಗಳಿವೆ. ಗ್ರಾನೈಟ್ ಕೊಯ್ಯುವ, ನಯಗೊಳಿಸುವ ಯಂತ್ರಗಳು ಇಟಲಿಯಿಂದ ಬರುತ್ತವೆ. ಔಷಧ, ಆಹಾರ ಪೊಟ್ಟಣ ಕಟ್ಟುವ ಯಂತ್ರಗಳಿಗೆ ಬೊಲೊನ್ಯಾ ನಗರದ ಸುತ್ತಲಿನ ಪ್ರದೇಶ ಜಗತ್ತಿಗೇ ಹೆಸರುವಾಸಿ. ಇಂಥ ಯಂತ್ರದ ಜೊತೆ ಬಂದ ನಕ್ಷೆ, ಕೈಪಿಡಿಗಳನ್ನು ಮೂಲದಲ್ಲೇ ಓದಬಲ್ಲ ಡಿಪ್ಲೊಮಾ ಹುಡುಗನ ಬೆಲೆ ಬೇರೆ. ಮಿಲಾನ್, ತೊರಿನೊಗಳ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಪಾಠ ಇಂಗ್ಲಿಷಿನಲ್ಲೇ ನಡೆಯುತ್ತದೆಂದು ಧೈರ್ಯವಾಗಿ ಹೋಗುವ ನಮ್ಮ ವಿದ್ಯಾರ್ಥಿಗಳು, ಓದು ಮುಗಿಸಿ ಅಲ್ಲೇ ಕೆಲಸ ಹುಡುಕುವಾಗ ಭಾಷೆ ಬಾರದೆ ಒದ್ದಾಡುತ್ತಾರೆ. ನರ್ಸಿಂಗ್ ಓದಿದವರಿಗಂತೂ ಅಲ್ಲಿನ ವೃತ್ತಿ ಮಂಡಳಿಯಲ್ಲಿ ನೋಂದಣಿಗೆ ಸಾಮಾನ್ಯವಾಗಿ ಭಾಷಾಜ್ಞಾನ ತೋರಿಸಲೇಬೇಕು.

ಇಲ್ಲೊಂದು ಎಚ್ಚರಿಕೆಯನ್ನೂ ಹೇಳಬೇಕು. 2023ರಿಂದ 2025ರವರೆಗಿನ ಮೂರು ವರ್ಷಗಳಿಗೆ ಹೊರದೇಶಗಳ 4,52,000 ಕೆಲಸಗಾರರನ್ನು ಬಿಟ್ಟುಕೊಳ್ಳುವ ಕೋಟಾವನ್ನು ಇಟಲಿ ಸರ್ಕಾರ ಪ್ರಕಟಿಸಿತು. 2023ರ ನವೆಂಬರಿನಲ್ಲಿ ವಲಸೆಯ ಬಗ್ಗೆ ಭಾರತದೊಡನೆ ಒಪ್ಪಂದಕ್ಕೂ ಸಹಿ ಹಾಕಿತು. ಇಂಥ ಸುದ್ದಿಯ ಬೆನ್ನಿಗೇ ಏಜೆಂಟರೂ ಬರುತ್ತಾರೆ. ಮೂರು ತಿಂಗಳಲ್ಲಿ ಭಾಷೆ, ಆಮೇಲೆ ಕೆಲಸ ಖಾತ್ರಿ ಎಂಬ ಮಾತಿಗೆ ಮರುಳಾಗಿ ಯಾರೂ ತೋಟ ಅಡವಿಡಬಾರದು. ಇಟಲಿಯಲ್ಲಿ ಮಾನ್ಯತೆಯಿರುವುದು ಸಿಯೆನಾ, ಪೆರೂಜಾಗಳಲ್ಲಿ ವಿದೇಶೀಯರಿಗೆಂದೇ ಇರುವ ವಿಶ್ವವಿದ್ಯಾಲಯಗಳು, ರೋಮಿನ ರೋಮಾ ತ್ರೆ ವಿಶ್ವವಿದ್ಯಾಲಯ, ದಾಂತೆ ಅಲಿಗಿಯೇರಿ ಸೊಸೈಟಿ ಇವು ಕೊಡುವ ಪ್ರಮಾಣಪತ್ರಗಳಿಗೆ. ವ್ಯವಹಾರಕ್ಕೆ ಸಾಕಾಗುವ ಬಿ1 (ಯುರೋಪಿನ ಭಾಷಾ ಮಟ್ಟಗಳಲ್ಲಿ ಮಧ್ಯಮ) ಹಂತ ಮುಟ್ಟಲು, ದಿನಕ್ಕೊಂದು ಗಂಟೆ ತಪ್ಪದೆ ಕೂತರೂ, ಒಂದೂವರೆ ವರ್ಷ ಬೇಕೆಂದು ಲೆಕ್ಕ ಹಾಕಿಕೊಳ್ಳುವುದು ಕ್ಷೇಮ. ಕೈಯಲ್ಲಿ ಬೇರೊಂದು ಕಸುಬು ಇದ್ದವರಿಗೆ ಮಾತ್ರ ಭಾಷೆ ಕೈಹಿಡಿಯುತ್ತದೆ. ಭಾಷೆಯೊಂದನ್ನೇ ನಂಬಿ ಹೊರಡುವುದು ನನ್ನ ಮಟ್ಟಿಗೆ ಜಾಣತನವಲ್ಲ.

ಇಟಾಲಿಯನ್ ಮಾತೃಭಾಷೆಯ ಜೆಸ್ವಿಟ್ ಪಾದ್ರಿ ಏಂಜೆಲೊ ಮಫೇಯಿ ಮಂಗಳೂರಿಗೆ ಬಂದು, ತಮ್ಮ ಕೆಲಸಕ್ಕೆ ಬೇಕಾದ ಕೊಂಕಣಿಯನ್ನು ಕಲಿತು, 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಅವರ ಉದ್ದೇಶ ಬೇರೆಯಿತ್ತು, ನಿಜ. ಆದರೆ ಜನರೊಡನೆ ಕೆಲಸ ಮಾಡಬೇಕಾದರೆ ಅವರ ಮಾತನ್ನೇ ಕಲಿಯಬೇಕೆಂದು ಅವರು ಕಂಡುಕೊಂಡದ್ದು ನಮ್ಮ ಕರಾವಳಿಯಲ್ಲೇ. ನನ್ನ ಮೇಜಿನ ಮೇಲಿರುವ ಇಟಾಲಿಯನ್ ಪಾಠಪುಸ್ತಕಗಳಲ್ಲಿ ಒಂದೂ ಕನ್ನಡದ್ದಲ್ಲ. ಹುಡುಕಿದರೂ ನನಗೆ ಸಿಗಲಿಲ್ಲ.

ಕಾಫಿ ಮಂಡಳಿ ರುಚಿ ಪರೀಕ್ಷೆಗೂ ಹುರಿಯುವ ಕಲೆಗೂ ತರಬೇತಿ ನಡೆಸುತ್ತಿದೆ. ಅದರ ಜೊತೆಗೆ, ಕ್ಯೂರಿಂಗ್ ವರ್ಕ್ಸ್‌ಗಳ ನೌಕರರು, ಬೆಳೆಗಾರರ ಮಕ್ಕಳು, ಜಿಲ್ಲಾ ಕೇಂದ್ರಗಳ ವಾಣಿಜ್ಯ ವಿದ್ಯಾರ್ಥಿಗಳು ಸೇರಬಹುದಾದ ಒಂದು ಇಟಾಲಿಯನ್ ತರಗತಿಯನ್ನು ಕನ್ನಡದಲ್ಲೇ ಪಾಠ ಹೇಳುವಂತೆ ಆರಂಭಿಸಲಿ ಎಂಬುದು ನನ್ನ ಕೋರಿಕೆ. ಬೆಂಗಳೂರಿನಲ್ಲಿ ಇಟಲಿಯ ಕಾನ್ಸುಲೇಟ್ ಕಚೇರಿ ಇದೆ, ದೆಹಲಿ, ಮುಂಬೈಗಳಲ್ಲಿ ಆ ದೇಶದ ಸಾಂಸ್ಕೃತಿಕ ಕೇಂದ್ರಗಳಿವೆ. ಶಿಕ್ಷಕರನ್ನು ಕೇಳಲು ಬಾಗಿಲುಗಳಿಲ್ಲದಿಲ್ಲ. ಪಠ್ಯದಲ್ಲಿ ಪ್ರವಾಸಿಗಳಿಗೆ ಬೇಕಾದ ಹೋಟೆಲ್ ಮಾತುಕತೆಗಿಂತ ಮೊದಲು ಸ್ಯಾಂಪಲ್, ತೇವಾಂಶ, ಒಡೆದ ಬೀಜ, ಒದ್ದೆ ಚೀಲ, ಬಿಲ್ಲು, ಕಡಿತ ಎಂಬ ಪದಗಳು ಬರಲಿ. ತರಗತಿಯನ್ನು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಇಟ್ಟುಕೊಂಡರೆ ಒಳಿತು. ಕೊಯ್ಲು ಶುರುವಾದ ಮೇಲೆ ನಮ್ಮ ಕಡೆ ಯಾರಿಗೂ ಕೂರಲು ಬಿಡುವಿರುವುದಿಲ್ಲ.

ಇಂತಿ,
ಒಬ್ಬ ಓದುಗ, ಚಿಕ್ಕಮಗಳೂರು