ಅಂಜೂರ ನೆನೆಸುವ ಮುಂಚೆ

ಪ್ರೀತಿಯ ಗೆಳೆಯಾ,

ರಕ್ತ ಹೆಚ್ಚಲಿ ಅಂತ ದಿನಾ ಆರು ಒಣ ಅಂಜೂರ ತಿನ್ನುತ್ತಿದ್ದೀಯಂತೆ. ಆರು ಬೇಡ ಮಾರಾಯ, ಮೂರು ಸಾಕು. ಅದೂ ರಕ್ತಕ್ಕಲ್ಲ, ಹೊಟ್ಟೆಗೆ.

ಲೆಕ್ಕ ನೋಡು. ದಾರಕ್ಕೆ ಪೋಣಿಸಿ ಬರುವ ಅಫ್ಘಾನಿ ಅಂಜೂರ ದೊಡ್ಡದಾದರೆ ಮೂರಕ್ಕೆ ಸುಮಾರು 50 ಗ್ರಾಂ ತೂಗುತ್ತದೆ. ಅಷ್ಟರಲ್ಲಿ ನಾರು 5 ಗ್ರಾಂ, ಕ್ಯಾಲ್ಸಿಯಂ 80 ಮಿ.ಗ್ರಾಂ, ಪೊಟ್ಯಾಸಿಯಂ 340 ಮಿ.ಗ್ರಾಂ. ಕಬ್ಬಿಣ? ಬರೀ 1 ಮಿ.ಗ್ರಾಂ. ಗಂಡಸಿಗೇ ದಿನಕ್ಕೆ 19 ಮಿ.ಗ್ರಾಂ ಬೇಕು ಅನ್ನುತ್ತದೆ ವೈದ್ಯಕೀಯ ಸಂಶೋಧನೆಯ ಸರ್ಕಾರಿ ಸಂಸ್ಥೆ ಐಸಿಎಂಆರ್‌. ಹಿಮೋಗ್ಲೋಬಿನ್ ನಿಜಕ್ಕೂ ಕಡಿಮೆಯಿದ್ದರೆ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡ.

ಆದರೆ ಮಲಬದ್ಧತೆಗೆ ಅಂಜೂರ ಒಳ್ಳೆಯದೇ. ನಾರು ನೀರು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗಾಗಿಸುತ್ತದೆ. ಹಾಗಾಗಿ ಮೇಲೆ ನೀರು ಚೆನ್ನಾಗಿ ಕುಡಿಯಬೇಕು. ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಕೆಲವರಿಗೆ ಭೇದಿ. ಒಂದರಿಂದ ಶುರು ಮಾಡು, ವಾರದಲ್ಲಿ ಮೂರಕ್ಕೆ ಬಾ.

ನೆನೆಸುವ ಮುಂಚೆ ಪ್ರತಿ ಹಣ್ಣನ್ನೂ ಸೀಳಿ ನೋಡಲೇಬೇಕು. ಒಳಗೆ ಹುಳ, ಅಥವಾ ಮಸಿಯಂಥ ಕಪ್ಪು ಪುಡಿ ಕಂಡರೆ ಎಸೆ. ಅದು ಬೂಷ್ಟು, ತೊಳೆದರೆ ಹೋಗುವುದಿಲ್ಲ. ಮೇಲಿನ ಬಿಳಿ ಪುಡಿಗೆ ಹೆದರಬೇಡ, ಬಹಳ ಸಲ ಅದು ಹಣ್ಣಿನದೇ ಸಕ್ಕರೆ: ಬಿಸಿನೀರಿಗೆ ಕರಗುತ್ತದೆ. ಹತ್ತಿಯ ಎಳೆಯಂತಿದ್ದು ಮುಗ್ಗಲು ವಾಸನೆ ಬಂದರೆ ಮಾತ್ರ ಬೂಷ್ಟು. ತೊಳೆದು, ಅರ್ಧ ಲೋಟ ಕುಡಿಯುವ ನೀರಿಗೆ ಹಾಕಿ, ಮುಚ್ಚಿಡು. ಬೇಸಿಗೆಯಲ್ಲಿ ಫ್ರಿಜ್ಜಿನಲ್ಲೇ ಇಡು, ಹೊರಗಿಟ್ಟರೆ ಬೆಳಗಾಗುವಷ್ಟರಲ್ಲಿ ನೊರೆಯೆದ್ದು ಹುಳಿಯಾಗಿರಬಹುದು. ನೆನೆದ ನೀರನ್ನೂ ಕುಡಿ, ಪೊಟ್ಯಾಸಿಯಂ ಒಂದಿಷ್ಟು ಅದಕ್ಕೇ ಇಳಿದಿರುತ್ತದೆ.

ಸಕ್ಕರೆಯೂ ಇಳಿದಿರುತ್ತದೆ, ಅದೇ ತೊಡಕು. ಆ 50 ಗ್ರಾಂನಲ್ಲಿ ಸಕ್ಕರೆ 24 ಗ್ರಾಂ, ಅಂದರೆ ಐದಾರು ಚಮಚ. ನಿಮ್ಮಮ್ಮನಿಗೆ ಡಯಾಬಿಟಿಸ್ ಅಲ್ಲವೇ, ಅವರಿಗೆ ಒಂದು ಕೊಡು, ಅದನ್ನೂ ತಿಂಡಿಯ ಲೆಕ್ಕಕ್ಕೆ ಸೇರಿಸು. ‘ನೆನೆಸಿದರೆ ಶುಗರ್ ಏರಲ್ಲ’ ಅನ್ನುವ ಮಾತನ್ನು ಯಾರು ಹಬ್ಬಿಸಿದರೋ! ಪೊಟ್ಯಾಸಿಯಂ ಮಿತಿಯಲ್ಲಿಡಿ ಅಂತ ಹೇಳಿಸಿಕೊಂಡಿರುವ ಕಿಡ್ನಿ ರೋಗಿಗಳು ಡಾಕ್ಟರನ್ನು ಕೇಳದೆ ತಿನ್ನಬಾರದು.

ಬಳ್ಳಾರಿ ಕಡೆಯ ತಾಜಾ ಹಣ್ಣು ಸಿಕ್ಕಿದರೆ ಬಿಡಬೇಡ. 100 ಗ್ರಾಂಗೆ 74 ಕ್ಯಾಲೊರಿ, ಒಣಗಿದ್ದರಲ್ಲಿ 249. ಒಣಗಿದಾಗ ಹೋಗುವುದು ಹೆಚ್ಚಾಗಿ ನೀರೇ ತಾನೆ. ಒತ್ತಿದರೆ ಮೆತ್ತಗಿರುವುದನ್ನೇ ಆರಿಸು. ಕಾಯಿಯ ತೊಟ್ಟಿನ ಹಾಲು ತಾಗಿದರೆ ತುಟಿ ಉರಿಯುತ್ತದೆ. ತೊಟ್ಟು ಕಿತ್ತು ಸಿಪ್ಪೆ ಸಮೇತ ತಿನ್ನು, ಎರಡು ದಿನದೊಳಗೆ ಮುಗಿಸು.

ಇಂತಿ ನಿನ್ನ ಗೆಳೆಯ