ಕಾಫಿ ಬಿಡಿ ಅಂತ ಯಾರೂ ಹೇಳಲಿಲ್ಲ

ಮಾನ್ಯ ಸಂಪಾದಕರೇ,

ಹೃದಯದ ಎಂಆರ್‌ಐ ಸ್ಟ್ರೆಸ್ ಟೆಸ್ಟ್, ಅಂದರೆ ಔಷಧ ಕೊಟ್ಟು ಹೃದಯಕ್ಕೆ ರಕ್ತ ಸರಿಯಾಗಿ ಹೋಗುತ್ತಿದೆಯೇ ಅಂತ ಎಂಆರ್‌ಐ ಯಂತ್ರದಲ್ಲಿ ನೋಡುವ ಪರೀಕ್ಷೆ, ಇದರ ಬಗ್ಗೆ ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಲೇಖನ ಓದಿದೆ. ಯಂತ್ರದ ವಿವರ ಚೆನ್ನಾಗಿತ್ತು. ಆದರೆ ಅದರೊಳಗೆ ಹೋಗಿ ಮಲಗುವವರಿಗೆ ಬೇಕಾದ ಮಾತೇ ಬಿಟ್ಟುಹೋಗಿದೆ. ಪರೀಕ್ಷೆಗೆ ಮುಂಚಿನ 24 ಗಂಟೆ ಕಾಫಿ, ಟೀ ಮುಟ್ಟಬಾರದು. ಕೆಲವು ಕಡೆ 12 ಗಂಟೆ ಸಾಕು ಅಂತಾರೆ. ನನಗೆ ಯಾರೂ ಎಷ್ಟು ಅಂತಲೂ ಹೇಳಲಿಲ್ಲ.

ನಾನು ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತಿತ್ತು, ನಿಂತರೆ ಇಳಿಯುತ್ತಿತ್ತು. ಡಾಕ್ಟರು ಮೊದಲು ಟ್ರೆಡ್‌ಮಿಲ್ ಟೆಸ್ಟ್ ಅಂದರು. ನನ್ನ ಮೊಣಕಾಲು ಸವೆದಿದೆ, ಸಲೀಸಾಗಿ ನಡೆಯೋದೇ ಕಷ್ಟ. ಹೃದಯಕ್ಕೆ ಕೆಲಸ ಜಾಸ್ತಿಯಾಗುವ ಮೊದಲೇ ಕಾಲು ಕೈಕೊಟ್ಟರೆ ಆ ಪರೀಕ್ಷೆಯಿಂದ ಏನು ತಿಳಿದೀತು? ಹಾಗಾಗಿ ಎಂಆರ್‌ಐ ಬರೆದುಕೊಟ್ಟರು.

ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಒಡವೆ ಬಿಚ್ಚಿಟ್ಟು ಬನ್ನಿ ಅಂತಿತ್ತು. ಪೇಸ್‌ಮೇಕರ್ ಇದ್ದರೆ ತಿಳಿಸಿ, ನಾಲ್ಕು ಗಂಟೆ ಮುಂಚಿನಿಂದ ಏನೂ ತಿನ್ನಬೇಡಿ ಅಂತಿತ್ತು. ಕಾಫಿ ಅನ್ನೋ ಪದವೇ ಇರಲಿಲ್ಲ. ಬೆಳಗಿನ ಜಾವ ಎದ್ದು, ನಾಲ್ಕು ಗಂಟೆ ಲೆಕ್ಕ ಹಾಕಿಯೇ ಒಂದು ಲೋಟ ಕುಡಿದು ಹೋದೆ. ಗೌನು ಹಾಕಿಕೊಂಡು ಕೂತಿದ್ದಾಗ ನರ್ಸ್ ಕೇಳಿದರು, "ಕಾಫಿ, ಟೀ ಏನಾದರೂ ತಗೊಂಡ್ರಾ ಅಮ್ಮ?" ಹೌದು ಅಂದೆ. ಅವರು ಪೆನ್ನು ಕೆಳಗಿಟ್ಟು ಒಳಗೆ ಹೋದರು. ಟೆಸ್ಟ್ ರದ್ದಾಯಿತು. ಮುಂದಿನ ಸರದಿ ಬರುವ ತನಕ ಎದೆ ಬಿಗಿತ ಇಟ್ಟುಕೊಂಡೇ ಕಾಯಬೇಕಾಯಿತು.

ಒಂದು ಲೋಟ ಕಾಫಿಗೆ ಇಷ್ಟೆಲ್ಲಾ ಯಾಕೆ ಅಂತ ನನಗೂ ಅನಿಸಿತ್ತು. ಕಾರಣ ಇದೆ. ಈ ಟೆಸ್ಟ್‌ನಲ್ಲಿ ಓಡುವ ಬದಲು ಸಾಮಾನ್ಯವಾಗಿ ಅಡೆನೊಸಿನ್ ಅನ್ನೋ ಔಷಧ ಕೊಡುತ್ತಾರೆ. ಅದು ಹೃದಯದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಚೆನ್ನಾಗಿರುವ ನಾಳದಲ್ಲಿ ರಕ್ತದ ಹರಿವು ಹಲವು ಪಟ್ಟು ಏರುತ್ತದೆ, ಕಿರಿದಾದ ನಾಳದಲ್ಲಿ ಅಷ್ಟು ಏರುವುದಿಲ್ಲ. ಆಗ ಚಿತ್ರದಲ್ಲಿ ರಕ್ತ ಎದ್ದು ಕಾಣುವಂತೆ ಮಾಡುವ ಗ್ಯಾಡೋಲಿನಿಯಂ ಅನ್ನೋ ದ್ರವವನ್ನು ರಕ್ತಕ್ಕೆ ಬಿಟ್ಟು ಚಿತ್ರ ತೆಗೆದರೆ ರಕ್ತ ಹೋದ ಕಡೆ ಬೆಳ್ಳಗಾಗುತ್ತದೆ, ಹೋಗದ ಕಡೆ ಕಪ್ಪಗೆ ಉಳಿಯುತ್ತದೆ. ಕಾಫಿಯ ಕೆಫೀನ್ ಹೋಗಿ ಅಡೆನೊಸಿನ್ ಕೂರಬೇಕಾದ ಜಾಗದಲ್ಲೇ ಕೂರುತ್ತದೆ. ಔಷಧ ಒಳಗೆ ಹೋದರೂ ನಾಳ ಸರಿಯಾಗಿ ಹಿಗ್ಗುವುದಿಲ್ಲ, ವ್ಯತ್ಯಾಸವೂ ಕಾಣುವುದಿಲ್ಲ. ರಿಪೋರ್ಟ್ ಮಾತ್ರ 'ನಾರ್ಮಲ್' ಅಂತ ಬರಬಹುದು.

ನನಗೆ ಹೆದರಿಕೆ ಆಗೋದು ಇಲ್ಲೇ. ರದ್ದಾದವರು ಇನ್ನೊಂದು ದಿನ ಹೋಗುತ್ತಾರೆ, ಬಿಡಿ. ಯಾರೂ ಕೇಳದೆ, ತಾವೂ ಹೇಳದೆ, ಕಾಫಿ ಕುಡಿದೇ ಟೆಸ್ಟ್ ಮಾಡಿಸಿಕೊಂಡು ನಾರ್ಮಲ್ ಅಂತ ನೆಮ್ಮದಿಯಾಗಿ ಮನೆಗೆ ಹೋದವರ ಗತಿ ಏನು? ಕೋಲಾ, ಚಾಕಲೇಟ್, ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ. ಕೆಫೀನ್ ತೆಗೆದ ಡಿಕ್ಯಾಫ್ ಕಾಫಿಯಲ್ಲೂ ಸ್ವಲ್ಪ ಉಳಿದಿರುತ್ತದೆ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಕೂಡ ಹೀಗೇ ಅಡ್ಡ ಬರುತ್ತದೆ. ಅದನ್ನು ನಾವಾಗಿ ನಿಲ್ಲಿಸಬಾರದು, ಡಾಕ್ಟರನ್ನು ಕೇಳಬೇಕು. ಉಬ್ಬಸ ಇರುವವರಿಗೆ ಅಡೆನೊಸಿನ್ನೇ ಆಗದಿರಬಹುದು, ಅದನ್ನೂ ಮೊದಲೇ ಹೇಳಬೇಕು. ಕಿಡ್ನಿ ತೀರಾ ಹಾಳಾಗಿದ್ದರೆ ಗ್ಯಾಡೋಲಿನಿಯಂ ವಿಷಯದಲ್ಲಿ ಎಚ್ಚರ ಬೇಕು.

ಮುಂದಿನ ಸಲ ಟೆಸ್ಟ್ ಆಯಿತು. ಎರಡೂ ಕೈಗೆ ಸೂಜಿ, ಕಿವಿಗೆ ಹೆಡ್‌ಫೋನ್, ಅಂಗೈಯಲ್ಲಿ ಒತ್ತಿ ಕರೆಯಲು ರಬ್ಬರ್ ಬಲ್ಬು. ಯಂತ್ರ ಸುಮ್ನೆ ಇರೋದೇ ಇಲ್ಲ, ಕಟಕಟ ಅಂತ ಬಡಿಯುತ್ತಲೇ ಇರುತ್ತದೆ. "ಉಸಿರು ಬಿಡಿ, ಹಿಡಿದುಕೊಳ್ಳಿ" ಅಂತ ಮತ್ತೆ ಮತ್ತೆ ಧ್ವನಿ. ಔಷಧ ಹರಿಯಲು ಶುರುವಾದಾಗ ಮುಖ ಬಿಸಿಯಾಯಿತು, ಎದೆ ಮೇಲೆ ಯಾರೋ ಮೊಣಕೈ ಊರಿದ ಹಾಗಾಯಿತು. ಅಟ್ಯಾಕೇ ಆಯಿತೇನೋ ಅಂದುಕೊಳ್ಳುವಷ್ಟರಲ್ಲಿ, "ಇದು ಔಷಧದ ಕೆಲಸ, ನಿಲ್ಲಿಸಿದ ತಕ್ಷಣ ಹೋಗುತ್ತೆ" ಅಂದರು. ಹೋಯಿತು ಕೂಡ. ಅಡೆನೊಸಿನ್ ರಕ್ತದಲ್ಲಿ ಕೆಲವೇ ಸೆಕೆಂಡು ಉಳಿಯುತ್ತದಂತೆ. ಈ ಮಾತನ್ನೂ ಒಳಗೆ ಕಳಿಸುವ ಮೊದಲೇ ಹೇಳಬಹುದಿತ್ತು, ಅಲ್ವಾ?

ರಿಪೋರ್ಟ್‌ನಲ್ಲಿ ಹೃದಯದ ಕೆಳಗೋಡೆಯಲ್ಲಿ ಒಂದು ಕಡೆ ರಕ್ತ ಕಡಿಮೆ ಅಂತ ಬಂತು. ಹಳೇ ಅಟ್ಯಾಕಿನ ಕಲೆ ಇರಲಿಲ್ಲ. ಈಗ ಮಾತ್ರೆ ನಡೆಯುತ್ತಿದೆ, ಬಿಗಿತ ಕಡಿಮೆ ಆಗಿದೆ. ಅವತ್ತು ನರ್ಸ್ ಕೇಳದೇ ಇದ್ದಿದ್ದರೆ ಆ ಕಪ್ಪು ಜಾಗ ಕಾಣದೇ ಹೋಗಬಹುದಿತ್ತು.

ಟೆಸ್ಟ್ ಬಗ್ಗೆ ನನ್ನದೇನೂ ತಕರಾರಿಲ್ಲ. ಇದರಲ್ಲಿ ಎಕ್ಸ್‌ರೇ ಥರದ ವಿಕಿರಣ ಇಲ್ಲ. 2012ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಿಇ-ಮಾರ್ಕ್ ಅಧ್ಯಯನದಲ್ಲಿ 752 ಜನರನ್ನು ಪರೀಕ್ಷಿಸಿದ್ದರು. ನಾಳ ಕಿರಿದಾದವರಲ್ಲಿ ಎಂಆರ್‌ಐ ಶೇ 86.5ರಷ್ಟು ಜನರನ್ನು ಪತ್ತೆ ಮಾಡಿತು, ವಿಕಿರಣ ವಸ್ತು ಬಳಸುವ ಸ್ಪೆಕ್ಟ್ ಸ್ಕ್ಯಾನ್ ಶೇ 66.5ರಷ್ಟು ಜನರನ್ನು. ಹೆಂಗಸರನ್ನೂ ಗಂಡಸರನ್ನೂ ಬೇರೆ ಮಾಡಿ ನೋಡಿದಾಗ ಸ್ಪೆಕ್ಟ್ ಹೆಂಗಸರಲ್ಲಿ ಇನ್ನೂ ಹಿಂದೆ ಬಿದ್ದಿತ್ತು, ಎಂಆರ್‌ಐ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಥರ ಇತ್ತು. ನಿಮ್ಮ ಲೇಖನದಲ್ಲಿದ್ದ ಚಿತ್ರಗಳೆಲ್ಲಾ ಗಂಡಸರದ್ದೇ ಆಗಿದ್ದರಿಂದ ಇದನ್ನು ಬರೆಯಬೇಕು ಅನಿಸಿತು.

ಇಷ್ಟು ಒಳ್ಳೆಯ ಪರೀಕ್ಷೆಯನ್ನು ಒಂದು ಸಾಲು ಬಿಟ್ಟ ಚೀಟಿ ಹಾಳು ಮಾಡಬಾರದು. ಆಸ್ಪತ್ರೆಗಳು ಆ ಸಾಲನ್ನು ಮೇಲ್ಗಡೆಯೇ ಅಚ್ಚು ಹಾಕಲಿ, ಹಿಂದಿನ ದಿನ ಒಂದು ಫೋನ್ ಮಾಡಲಿ. ನೀವೂ ಮುಂದಿನ ಆರೋಗ್ಯ ಪುಟದಲ್ಲಿ ಅದನ್ನು ದಪ್ಪ ಅಕ್ಷರದಲ್ಲಿ ಹಾಕಿ.

– ನಿವೃತ್ತ ಶಿಕ್ಷಕಿ